ಹ್ಯಾಂಡಲ್ ಮೇಲಿನ ಡಬ್ಬಿ, ಹಿಂದಿನ ಸೀಟಿನ ಕೆಲ್ವಿನ್

ಫೆಬ್ರವರಿ 2, ಶುಕ್ರವಾರ. ಸಂಜೆ

ಸ್ಕೂಲ್ ಬಸ್ ತೊಳೆದಿಟ್ಟು ಬಂದೆ. ಹಿಂದಿನ ಸೀಟಿನ ಕೆಳಗೆ ಮತ್ತೆ ಚ್ಯೂಯಿಂಗ್ ಗಮ್. ಬೈಯೋಣ ಎಂದುಕೊಂಡೆ, ಆಗಲಿಲ್ಲ. ಬಾಯಿ ತಾನಾಗಿಯೇ ನಗುತ್ತಿತ್ತು. ನಿನ್ನೆಯಿಂದ ಹೀಗೇ.

ನಿನ್ನೆ ಪಬ್‌ನಲ್ಲಿ ಬೈಕ್ ಕ್ಲಬ್ಬಿನ ಮೀಟಿಂಗ್. ನಮ್ಮಲ್ಲಿ ಮಾರ್ಚ್‌ನಲ್ಲೇ ಬರುವ ಲೇಬರ್ ಡೇ ರಜೆಯ ಸವಾರಿಗೆ ಲೀಡರ್ ಯಾರು? ಇಷ್ಟು ವರ್ಷ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಲೀಡರ್ ಎಂದರೆ ನನ್ನ ಗಂಡ ಕೆಲ್ವಿನ್. ಈಗ ಅವನ ಸೊಂಟದ ಕೀಲಿಗೆ ಎರಡನೇ ಆಪರೇಷನ್ ಆಗಿದೆ. "ಅಷ್ಟು ಭಾರದ ಬೈಕ್ ವಾಲಿದ್ರೆ ಈ ಕಾಲು ತಡೆಯಲ್ಲ. ಬೇಕಿದ್ರೆ ಹಿಂದೆ ಕೂತ್ಕೊಂಡು ಹೋಗಿ. ಓಡಿಸೋದು ಮರೆತುಬಿಡಿ" ಎಂದಿದ್ದಾರೆ ಸರ್ಜನ್. ಎಲ್ಲರೂ ತಂತಮ್ಮ ಗ್ಲಾಸು ನೋಡುತ್ತ ಕೂತಿದ್ದರು. ಆಗ ಕ್ಲೆಮ್ ಗಂಟಲು ಸರಿಮಾಡಿಕೊಂಡ. ಕ್ಲಬ್ಬಿನ ಅತಿ ಹಿರಿಯ ಅವನು. ವರ್ಷಕ್ಕೊಂದು ಸಲ ಮಾತಾಡುತ್ತಾನೆ.

"ಲೊರೆಟ್ಟಾ ಮಾಡ್ಲಿ."

ನಾನು! ಕ್ಲಬ್ಬಿನ ಬಾಲ! ಹಳದಿ ವೆಸ್ಟ್ ಹಾಕಿಕೊಂಡು ಎಲ್ಲರ ಹಿಂದೆ ಬರುವವಳು. ಇಷ್ಟು ವರ್ಷ ನಾನು ನೋಡಿದ್ದು ಬೇರೆಯವರ ಹಿಂದಿನ ದೀಪಗಳನ್ನು. ತಿರುವು ತಿರುವಿನಲ್ಲೂ ಒಬ್ಬ ನಿಂತು ಕೈ ತೋರಿಸುತ್ತಿರುತ್ತಾನೆ — ಲೀಡರ್‌ನ ಬೆನ್ನ ಹಿಂದೆ ಇದ್ದವನು. ನನ್ನ ವೆಸ್ಟ್ ಕಂಡ ಮೇಲೆಯೇ ಅವನಿಗೆ ಬಿಡುಗಡೆ. ಅವನು ಹೊರಟ ಮೇಲೆ ನಾನು. ದಾರಿ ಗೊತ್ತಿರಬೇಕಾದ ಅಗತ್ಯವೇ ಬಾಲಕ್ಕಿಲ್ಲ. ನನಗೆ ಗೊತ್ತೂ ಇಲ್ಲ. ದಿನಾ ಓಡಿಸುವ ಬಸ್ಸಿನ ರೂಟ್ ಒಂದು ಬಿಟ್ಟರೆ ನಾನು ಎಲ್ಲಿ ಬೇಕಾದರೂ ದಾರಿ ತಪ್ಪುತ್ತೇನೆ. ಊರಿಗೆಲ್ಲ ಗೊತ್ತಿರುವ ವಿಷಯ.

ಮನೆಗೆ ಬರುವಾಗ ಕಾರಿನಲ್ಲಿ ಕೆಲ್: "ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲಿ ಕಾರು ಎಲ್ಲಿಟ್ಟೆ ಅಂತ ನಂಗೆ ಫೋನ್ ಮಾಡೋಳು ನೀನು. ಹದಿನೈದು ಬೈಕ್ ಕರ್ಕೊಂಡು ಬೊಗಾಂಗ್ ಬೆಟ್ಟ ದಾಟ್ತೀಯಾ?"

"ಜಿಪಿಎಸ್ ತಗೋತೀನಿ."

"ತಗೋ ತಗೋ. ಎರಡು ತಗೋ."

"ನೀನು ಹಿಂದೆ ಕೂತ್ಕೊ, ಕೆಲ್."

"ನಾನೇನು ಲಗೇಜಾ?"

ಆದರೂ ಇಲ್ಲಿ ಬರೆದಿಡುತ್ತೇನೆ: ನಾನು ಮುಂದೆ ಹೋಗಬೇಕು. ಅವನು ನನ್ನ ಹಿಂದೆ ಕೂತಿರಬೇಕು. ಎರಡೂ ಬೇಕು ನನಗೆ. ಒಂದು ಸಾಲದು.

ಫೆಬ್ರವರಿ 3, ಶನಿವಾರ

ವಾಂಗರಾಟಾದ ಬೈಕ್ ಅಂಗಡಿಗೆ ಹೋಗಿಬಂದೆ. ಅಯ್ಯೋ... ಆ ಬೈಕ್!

ಬಿಳಿ ಬಣ್ಣ. ಮುಂದಿನ ಗಾಜಿನ ಕೆಳಗೆ ಊಟದ ತಟ್ಟೆಯಷ್ಟು ಅಗಲದ ಪರದೆ. ನಕ್ಷೆ ಅದರಲ್ಲೇ. ಎಡಗೈ ಹೆಬ್ಬೆರಳ ಹತ್ತಿರ ಒಂದು ಚಕ್ರ, ಗ್ಲೌಸ್ ತೆಗೆಯದೆಯೇ ತಿರುಗಿಸಬಹುದು. ವೈರ್ ಇಲ್ಲ, ಅಲುಗಾಟವಿಲ್ಲ. ಕಳ್ಳ ಬಂದರೂ ಬೈಕನ್ನೇ ಹೊತ್ತೊಯ್ಯಬೇಕು, ಜಿಪಿಎಸ್ ಒಂದನ್ನೇ ಕೀಳಲಾಗದು. ಅಂಗಡಿಯ ಟ್ರೂಡಿ ಕೀ ತಿರುಗಿಸಿದಳು. ಪರದೆ ಹೊತ್ತಿಕೊಂಡಿತು. ನಮ್ಮೂರು ಮರ್ಟಲ್‌ಫರ್ಡ್ ಕಂಡಿತು, ನಮ್ಮ ಬೀದಿ ಕಂಡಿತು. ನನಗೆ ಕೂಗಬೇಕೆನಿಸಿತು. ಸ್ವಲ್ಪ ಕೂಗಿದೆ ಕೂಡ.

"ಇದು ನಿಮಗೇ ಅಂತ ಮಾಡಿಟ್ಟ ಹಾಗಿದೆ, ಲೊರೆಟ್ಟಾ" ಎಂದಳು ಟ್ರೂಡಿ. ಎಲ್ಲರಿಗೂ ಹಾಗೇ ಹೇಳುತ್ತಾಳೆ, ಗೊತ್ತು. ಆದರೂ.

ಇನ್ನೊಂದು ದಾರಿಯನ್ನೂ ತೋರಿಸಿದಳು. ಅಂಗೈಯಗಲದ ಒಂದು ಜಿಪಿಎಸ್ ಡಬ್ಬಿ. ನನ್ನ ಹಳೇ ಬೈಕಿನ ಹ್ಯಾಂಡಲ್‌ಗೆ ಒಂದು ಪುಟ್ಟ ತೋಳು ಬಿಗಿದು ಅದರ ಮೇಲೆ ಕೂರಿಸುವುದು. ಬ್ಯಾಟರಿಗೆ ಒಂದು ವೈರ್. ಪಬ್‌ಗೆ ಹೋಗುವಾಗೆಲ್ಲ ಕಳಚಿ ಜೇಬಿಗೆ ಹಾಕಿಕೊಳ್ಳಬೇಕು. ನೋಡಲು ಏನೂ ಚಂದವಿಲ್ಲ.

ಕೆಲ್ ಕೌಂಟರ್ ಪಕ್ಕದ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದ. ಬಿಳಿ ಬೈಕಿನತ್ತ ಒಂದು ಸಲವೂ ತಿರುಗಲಿಲ್ಲ. ಅಂದರೆ ಪೂರ್ತಿ ನೋಡಿದ್ದಾನೆ ಎಂದರ್ಥ.

"ಆ ಟೀವಿ ನೋಡ್ಕೊಂಡು ಓಡಿಸ್ತೀಯಾ?"

"ಅಸೂಯೆ ನಿಂಗೆ."

"ಹೌದು" ಎಂದುಬಿಟ್ಟ! ಟ್ರೂಡಿ ಮೆಲ್ಲಗೆ ಹೆಲ್ಮೆಟ್ ಒರೆಸಲು ಹೋದಳು.

ಡಬ್ಬಿಯನ್ನು ಕೆಲವು ದಿನ ನೋಡಿ ಎಂದು ಕೊಟ್ಟು ಕಳಿಸಿದ್ದಾಳೆ. ಬಿಳಿ ಬೈಕನ್ನು ಮುಂದಿನ ಶನಿವಾರದ ಟ್ರಯಲ್ ಸವಾರಿಗೆ ಕೊಡುತ್ತಾಳಂತೆ. ಆಮೇಲೆ ಎರಡರಲ್ಲಿ ಒಂದು.

ಫೆಬ್ರವರಿ 6, ಮಂಗಳವಾರ

ಡಬ್ಬಿ ಕೂರಿಸಿದೆ. ನಾನು ಸ್ಪ್ಯಾನರ್ ಆಡಿಸಿದೆ, ಕೆಲ್ ಬಾಯಿ ಆಡಿಸಿದ. "ಅಷ್ಟು ಬಿಗಿ ಮಾಡ್ಬೇಡ. ವೈರ್ ಅಲ್ಲಿ ಹಾಕಿದ್ರೆ ಹ್ಯಾಂಡಲ್ ತಿರುಗಿಸ್ದಾಗ ಕಚ್ಚುತ್ತೆ. ಸ್ಟೇರಿಂಗ್ ಪೂರ್ತಿ ಆಚೆ ತಿರುಗಿಸಿ ನೋಡೇ!" ಸರಿಯಾಗಿಯೇ ಹೇಳಿದ. ಕಚ್ಚುತ್ತಿತ್ತು.

ಸಂಜೆ ಒಬ್ಬಳೇ ಹೊರಟೆ. ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕನ್ನಡಿಯಂತಾಗಿ ನನ್ನ ಮೂಗೇ ಕಾಣುತ್ತಿತ್ತು, ಆದರೆ ಸಂಜೆಗೆ ಸರಿಹೋಯಿತು. ಕಣ್ಣಿನ ಮಟ್ಟಕ್ಕೇ ಇದೆ, ತಲೆ ತಗ್ಗಿಸಬೇಕಿಲ್ಲ. ಅದು ಒಳ್ಳೆಯದು. ಮಣ್ಣು ರಸ್ತೆಯಲ್ಲಿ ಗಡಗಡ ಅಲುಗುತ್ತದೆ. ಅದು ಕೆಟ್ಟದ್ದು. ಹೆಲ್ಮೆಟ್ ಒಳಗೆ ಒಬ್ಬ ಹೆಂಗಸು ಶಾಂತವಾಗಿ ಎಡಕ್ಕೆ, ಬಲಕ್ಕೆ ಎನ್ನುತ್ತಾಳೆ. ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ತೋಟಗಳ ಹಿಂದೆ, ನಾನು ಹುಟ್ಟಿದಾಗಿನಿಂದ ಹೋಗದ ಒಂದು ದಾರಿಯಲ್ಲಿ ಹೋಗಿ, ನಾನೇ ವಾಪಸ್ ಬಂದೆ. ನಾನೇ! ಯಾರನ್ನೂ ಕೇಳದೆ!

ಆದರೂ ಮನಸ್ಸು ಬಿಳಿ ಬೈಕಿನ ಮೇಲೇ. ಬೆಲೆ ಇಲ್ಲಿ ಬರೆಯುವುದಿಲ್ಲ.

ಫೆಬ್ರವರಿ 9, ಶುಕ್ರವಾರ

ನಾಳೆ ಟ್ರಯಲ್. ಬ್ರೈಟ್ ಊರಿನ ಮೇಲಿಂದ ಟವೋಂಗಾ ಗ್ಯಾಪ್ ಎಂಬ ಘಾಟಿ ಹತ್ತಿ ಇಳಿದು, ಡೆಡರಾಂಗ್ ಪಬ್‌ನಲ್ಲಿ ಊಟ. ಬಿಳಿ ಬೈಕ್ ಗ್ಯಾರೇಜಿನಲ್ಲಿದೆ. ಮೂರು ಸಲ ಹೋಗಿ ನೋಡಿಬಂದೆ.

ಒಂದು ಒಳ್ಳೆಯ ಐಡಿಯಾ ಬಂತು. ಇಡೀ ದಾರಿಯನ್ನು ಫೈಲ್ ಮಾಡಿ ಎಲ್ಲರ ಫೋನಿಗೂ ಕಳಿಸಿದೆ. ಎಲ್ಲರ ಬೈಕಿನಲ್ಲೂ ಏನಾದರೊಂದು ಜಿಪಿಎಸ್ ಇದೆ, ಕ್ಲೆಮ್ ಒಬ್ಬನನ್ನು ಬಿಟ್ಟು. ಅವನು ಹೇಗೂ ನನ್ನ ಬೆನ್ನ ಹಿಂದೆಯೇ ಇರುತ್ತಾನೆ. ಹಾಗಾದರೆ ತಿರುವಿನಲ್ಲಿ ನಿಲ್ಲುವ ಆ ಹಳೇ ಪದ್ಧತಿ ಯಾಕೆ? ಬಿಸಿಲಲ್ಲಿ ಪಾಪ, ಯಾಕೆ ನಿಲ್ಲಬೇಕು? ನಾಳೆ ಹೇಳಿಬಿಡುತ್ತೇನೆ. ಹೊಸ ಲೀಡರ್, ಹೊಸ ಕ್ರಮ.

ಕೆಲ್ ಬರುವುದಿಲ್ಲವಂತೆ. ಟೊಮ್ಯಾಟೊಗೆ ನೀರು ಹಾಕಬೇಕಂತೆ.

ಫೆಬ್ರವರಿ 10, ಶನಿವಾರ

ಈಗಷ್ಟೇ ಮನೆಗೆ ಬಂದೆ.

ಬೆಳಿಗ್ಗೆ ಪಾರ್ಕಿಂಗಿನಲ್ಲಿ ಎಲ್ಲರೆದುರು ಹೇಳಿದೆ: ದಾರಿ ಎಲ್ಲರ ಹತ್ತಿರ ಇದೆ, ಇವತ್ತು ತಿರುವಿನಲ್ಲಿ ಯಾರೂ ನಿಲ್ಲುವುದು ಬೇಡ. ಎಲ್ಲರೂ ತಲೆ ಆಡಿಸಿದರು. ಕ್ಲೆಮ್ ಕೂಡ. ಆದರೆ ಅವನು ಆಗಲೇ ಕಿವಿಗೆ ಪ್ಲಗ್ ಹಾಕಿ ಹೆಲ್ಮೆಟ್ ಏರಿಸಿಯಾಗಿತ್ತು. ನಾನು ಏನು ಹೇಳಿದರೂ ತಲೆ ಆಡಿಸುತ್ತಿದ್ದ.

ಸವಾರಿ ಮಾತ್ರ... ಗಾಳಿಯಲ್ಲಿ ತೇಲಿದಂತೆ. ಪರದೆಯ ಮೇಲೆ ನೀಲಿ ಗೆರೆ ನದಿಯಂತೆ ಹರಿಯುತ್ತಿತ್ತು. ಬ್ರೈಟ್ ದಾಟಿ ಎಡಕ್ಕೆ ತಿರುಗಿದೆ. ಗ್ಯಾಪ್ ಹತ್ತಿದೆ. ಅಷ್ಟೂ ಹೊತ್ತು ಆ ಪರದೆಯನ್ನೇ ನೋಡುತ್ತಿದ್ದೆ.

ಪಬ್ ತಲುಪಿದರೆ ವರಾಂಡದಲ್ಲಿ ಡ್ಯಾರಿಲ್ ಕಾಲು ಚಾಚಿ ನಿಂಬೆ ಶರಬತ್ತು ಕುಡಿಯುತ್ತಿದ್ದಾನೆ! ಇವತ್ತಿನ ಬಾಲ ಅವನು. ನನ್ನ ಹಳದಿ ವೆಸ್ಟ್ ಅವನ ಮೈಮೇಲೆ.

"ನೀನು ಕೊನೆಯವನಲ್ವೇನೋ? ನನಗಿಂತ ಮುಂಚೆ ಹೇಗ್ ಬಂದೆ?"

"ಪೆಟ್ರೋಲ್ ಹಾಕಿಸ್ಕೊಂಡೆ ಕಣೆ. ಅಷ್ಟ್ರಲ್ಲಿ ನನ್ ಜಿಪಿಎಸ್ ಬೇರೆ ದಾರಿ ಹುಡುಕ್ತು. ಹ್ಯಾಪಿ ವ್ಯಾಲಿ ರಸ್ತೇಲಿ ಬಾ ಅಂತು, ಬಂದೆ. ಬ್ರೈಟ್ ಕಡೆ ಹೋಗ್ಲೇ ಇಲ್ಲ."

ಒಂದೇ ಫೈಲು, ಒಬ್ಬೊಬ್ಬರ ಯಂತ್ರದಲ್ಲೂ ಒಂದೊಂದು ದಾರಿ. ಇಬ್ಬರು ಮಣ್ಣು ರಸ್ತೆಯಲ್ಲಿ ಬಂದು ಹಿಟ್ಟಿನ ಮೂಟೆಗಳಂತಾಗಿದ್ದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಊಟಕ್ಕೆ ಚಿಕನ್ ಪಾರ್ಮಾ ಹೇಳಿದೆವು. ತಟ್ಟೆಗಳು ಬಂದ ಮೇಲೆ ನೋಡಿದರೆ ಒಂದು ತಟ್ಟೆಯ ಮುಂದೆ ಯಾರೂ ಇಲ್ಲ.

ಕ್ಲೆಮ್.

ನನ್ನ ಬೆನ್ನ ಹಿಂದೆಯೇ ಇದ್ದವನು. ಎಲ್ಲಿ ಬಿಟ್ಟೆ? ನೋಡೇ ಇಲ್ಲ. ಕನ್ನಡಿಯತ್ತ ಕಣ್ಣೇ ಹಾಯಿಸಿರಲಿಲ್ಲ. ಅವನ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಗ್ಯಾಪ್ ರಸ್ತೆಯ ಪಕ್ಕದ ಪ್ರಪಾತ ಕಣ್ಣ ಮುಂದೆ ಬಂತು. ಕೆಲ್‌ಗೆ ಫೋನ್ ಮಾಡಿದೆ. ಅತ್ತೆನೋ ಏನೋ, ನೆನಪಿಲ್ಲ.

ಅವನು ಒಂದೇ ಪ್ರಶ್ನೆ ಕೇಳಿದ. "ಡ್ಯಾರಿಲ್ ಯಾವ ದಾರೀಲಿ ಬಂದ?"

"ಹ್ಯಾಪಿ ವ್ಯಾಲಿ."

"ಹಾಗಾದ್ರೆ ಕ್ಲೆಮ್‌ಗೆ ಏನೂ ಆಗಿಲ್ಲ. ಬ್ರೈಟ್ ಆಚೆ ಎಡಕ್ಕೆ ತಿರುಗಿದ್ಯಲ್ಲ, ಆ ತಿರುವಲ್ಲಿ ನಿಂತಿದ್ದಾನೆ. ಬಾಲ ದಾಟ್ಲಿಲ್ಲ ಅಂದ್ಮೇಲೆ ಅವನು ಯಾಕೆ ಕದಲ್ತಾನೆ? ನಾಳೆ ಬೆಳಿಗ್ಗೆವರೆಗೂ ನಿಂತಿರ್ತಾನೆ. ಆ ವೆಸ್ಟ್ ಹಾಕ್ಕೊಂಡ್ ಹೋಗೇ."

ಫೋನ್ ಇಟ್ಟ ಮೇಲೆ ಇಬ್ಬರು ಬಾಯಿಬಿಟ್ಟರು: ಅವನನ್ನು ಹಾಗೇ ದಾಟಿ ಬಂದಿದ್ದರಂತೆ, ಕೈಯನ್ನೂ ಬೀಸಿದ್ದರಂತೆ. ಹಿಂದೆ ಬಾಲ ಬರುತ್ತಿದೆ ಎಂದುಕೊಂಡು.

ಡ್ಯಾರಿಲ್‌ನ ಮೈಯಿಂದ ವೆಸ್ಟ್ ಎಳೆದುಕೊಂಡು ಹೊರಟೆ. ನಿಂತಿದ್ದ! ಉರಿಬಿಸಿಲಲ್ಲಿ, ಬೈಕಿನ ಪಕ್ಕ, ಪೂರ್ತಿ ಜಾಕೆಟ್ಟಿನಲ್ಲಿ, ಮುಖ ಬೀಟ್‌ರೂಟ್ ಆಗಿ, ಕಿವಿಯಲ್ಲಿ ಇನ್ನೂ ಪ್ಲಗ್. ಯಾವಳೋ ಪುಣ್ಯಾತ್ಗಿತ್ತಿ ಕಾರು ನಿಲ್ಲಿಸಿ ನೀರು ಕೊಟ್ಟಿದ್ದಳಂತೆ. ವೆಸ್ಟ್ ಕಂಡಕೂಡಲೇ ಹೆಬ್ಬೆರಳು ಎತ್ತಿದ, ಹೆಲ್ಮೆಟ್ ಹಾಕಿಕೊಂಡ.

"ಇವತ್ತು ಬಾಲ ಸ್ವಲ್ಪ ಉದ್ದ ಆಯ್ತು ಕಣಮ್ಮ" ಎಂದ. ಅಷ್ಟೇ. ಬೈಗುಳ ಇಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಹೆಲ್ಮೆಟ್ ಒಳಗೆ ಅಳುತ್ತಾ ಬಂದೆ.

ಫೆಬ್ರವರಿ 19, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬಿಳಿ ಬೈಕ್ ವಾಪಸ್ ಕೊಟ್ಟೆ. ಡಬ್ಬಿಯನ್ನೂ ಕೊಡಬೇಕು, ಇನ್ನೂ ಹ್ಯಾಂಡಲ್ ಮೇಲೇ ಇದೆ. ನೋಡಿದರೆ ಸಂಕಟ.

ನಿನ್ನೆ ಕೆಲ್‌ಗೆ ಹೇಳಿದೆ, ಲೀಡರ್ ಆಗುವುದಿಲ್ಲ, ಕ್ಲಬ್ಬಿಗೆ ಹೇಳಿಬಿಡು ಎಂದು. ಸಮಾಧಾನ ಮಾಡುತ್ತಾನೆ ಎಂದುಕೊಂಡಿದ್ದೆ. ಎಗರಿಬಿದ್ದ.

"ಮತ್ಯಾರು ಮಾಡ್ತಾರೆ? ನಾನು ಟ್ಯಾಕ್ಸಿಲಿ ಮುಂದೆ ಹೋಗ್ಲಾ?"

"ನಂಗೆ ದಾರಿ ಗೊತ್ತಿಲ್ಲ ಕೆಲ್!"

"ದಾರಿ ಯಾರು ಕೇಳಿದ್ರು ನಿನ್ನ? ದಾರಿ ಆ ಡಬ್ಬಿ ಹೇಳ್ಲಿ. ನೀನು ಕನ್ನಡಿ ನೋಡು. ತಿರುವಲ್ಲಿ ನಿಲ್ಲೋನು ನಿಂತ್ನಾ, ಹಿಂದಿನೋನಿಗೆ ಅವನು ಕಂಡ್ನಾ, ಇಷ್ಟೇ ಲೀಡರ್ ಕೆಲಸ. ಇಷ್ಟು ವರ್ಷ ನಾನು ಅರ್ಧ ಹೊತ್ತು ಹಿಂದೇನೇ ನೋಡ್ಕೊಂಡ್ ಹೋದೆ. ಕೊನೇಲಿ ನಿನ್ನ ಲೈಟ್ ಕಾಣ್ತಾ ಇತ್ತು. ಅದು ಕಂಡ್ರೆ ಎಲ್ಲ ಸರಿ ಅಂತ."

ಇದನ್ನು ಮದುವೆಯಾದ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಾನು ಸಿಂಕ್ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆಮೇಲೆ ಕೇಳಿದೆ, "ಹಾಗಾದ್ರೆ ಬಾ. ಹಿಂದೆ ಕೂತ್ಕೊ."

ಟೊಮ್ಯಾಟೊಗೆ ನೀರು ಹಾಕಲು ಹೋದ. ಮಳೆ ಬರುತ್ತಿತ್ತು.

ಫೆಬ್ರವರಿ 22, ಗುರುವಾರ. ಸಂಜೆ

ತೀರ್ಮಾನ ಆಯಿತು! ಹೇಗೆ ಆಯಿತೆಂದರೆ —

ಬಸ್ ಬಿಟ್ಟು ಮನೆಗೆ ಬಂದೆ. ಅಡುಗೆಮನೆ ಮೇಜಿನ ಮೇಲೆ ಡಬ್ಬಿ. ಕೆಲ್ ಬೈಕಿನಿಂದ ಕಳಚಿ ತಂದಿದ್ದಾನೆ. ಮೂಗಿನ ತುದಿಗೆ ಕನ್ನಡಕ, ಪಕ್ಕದಲ್ಲಿ ತಣ್ಣಗಾದ ಟೀ, ವೆಜಿಮೈಟ್ ಹಚ್ಚಿದ ಟೋಸ್ಟು. ಬೆರಳಲ್ಲಿ ಪರದೆ ತಿವಿಯುತ್ತಾ ಬೈಯುತ್ತಿದ್ದಾನೆ.

"ಈ ಡಬ್ಬಿಗೆ ತಲೇನೇ ಇಲ್ಲ. ಹತ್ತಿರದ ದಾರಿ ಕಂಡ ಕೂಡ್ಲೇ ಆ ಕಡೆ ಓಡುತ್ತೆ. ಅಲ್ಲಲ್ಲಿ ಗೂಟ ಹೊಡೆದ ಹಾಗೆ ಗುರುತು ಹಾಕ್ಬೇಕು, ಆಗ ಮಾತು ಕೇಳುತ್ತೆ. ಬಾ ಇಲ್ಲಿ ನೋಡು."

ನೋಡಿದೆ. ಬೆಟ್ಟದ ದಾರಿಯುದ್ದಕ್ಕೂ ಗುರುತುಗಳು. ಪ್ರತಿಯೊಂದಕ್ಕೂ ಹೆಸರು. 'ಇಲ್ಲಿ ಜಲ್ಲಿ ಇರುತ್ತೆ.' 'ಹಸು.' 'ತಿರುವು ಮುಗೀತು ಅನ್ಸುತ್ತೆ, ಮುಗಿದಿಲ್ಲ.' 'ಇಲ್ಲಿ ಪೈ ಚೆನ್ನಾಗಿದೆ.' 'ಡ್ಯಾರಿಲ್‌ಗೆ ಟಾಯ್ಲೆಟ್.' ಅವನ ತಲೆಯಲ್ಲಿದ್ದ ರಸ್ತೆಯೆಲ್ಲ ಆ ಅಂಗೈಯಗಲದ ಡಬ್ಬಿಯೊಳಗೆ ಇಳಿಯುತ್ತಿತ್ತು. ಇಡೀ ದಿನ ಕೂತಿದ್ದನಂತೆ. ಮಧ್ಯಾಹ್ನದ ಊಟವನ್ನೂ ಮರೆತಿದ್ದ.

ಆ ಬಿಳಿ ಬೈಕಿನ ತಟ್ಟೆಯಗಲದ ಪರದೆ ಅಡುಗೆಮನೆಗೆ ಬರುತ್ತದೆಯೇ? ಅದಕ್ಕೆ ಗುರುತು ಹಾಕಬೇಕಾದರೆ ಬೈಕಿನ ಮೇಲೇ ಕೂರಬೇಕು. ಮುಂದಿನ ಸೀಟಿನಲ್ಲಿ. ಇವನು ಕೂರುವ ಹಾಗಿಲ್ಲದ ಸೀಟಿನಲ್ಲಿ.

ಟ್ರೂಡಿಗೆ ಫೋನ್ ಮಾಡಿದೆ. "ಡಬ್ಬಿ ಇಟ್ಕೊಳ್ತೀನಿ ಟ್ರೂಡಿ. ಬೈಕ್ ಬೇಡ."

"ಅಯ್ಯೋ ಲೊರೆಟ್ಟಾ! ಅಷ್ಟು ಇಷ್ಟಪಟ್ರಿ! ಡಬ್ಬೀಲಿ ಏನ್ ಕಂಡ್ರಿ ಅಂಥದ್ದು?"

"ಅದು ಮೇಜಿನ ಮೇಲೆ ಕೂರುತ್ತೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಕುಣಿಯಬೇಕೆನಿಸುತ್ತಿತ್ತು.

ಲೀಡರ್ ನಾನೇ. ಕ್ಲೆಮ್‌ಗೂ ಹೇಳಿದೆ. ತಿರುವಿನಲ್ಲಿ ನಿಲ್ಲುವ ಪದ್ಧತಿ ಹಾಗೇ ಇರುತ್ತದೆ ಎಂದೂ ಹೇಳಿದೆ. "ಅದ್ಯಾವಾಗ ಹೋಗಿತ್ತು?" ಎಂದ.

ಮಾರ್ಚ್ 3, ಭಾನುವಾರ

ಇವತ್ತು ಗೊತ್ತಾಯಿತು. ಕೆಲ್‌ಗೆ ಹಿಂದೆ ಕೂರುವುದಕ್ಕೆ ನಾಚಿಕೆಯಿಲ್ಲ. ಹತ್ತುವುದಕ್ಕೆ ನಾಚಿಕೆ.

"ಆ ಕಾಲು ಎತ್ತಿ ಆಚೆ ಹಾಕೋಕೆ ಆಗಲ್ಲ ಲೊರಿ. ಎಲ್ರೆದುರು ಪಾರ್ಕಿಂಗಲ್ಲಿ... ನಾನು ಒದ್ದಾಡೋದನ್ನ ನೋಡಿ ಅವರು ಬೇರೆ ಕಡೆ ಮುಖ ತಿರುಗಿಸ್ತಾರಲ್ಲ, ಅದು ಬೇಡ ನಂಗೆ. ನಕ್ರೂ ಪರವಾಗಿಲ್ಲ."

ತಬ್ಬಿಕೊಂಡೆ. ಬಿಡಿಸಿಕೊಂಡ, ಆದರೆ ತಡವಾಗಿ.

ಮಾರ್ಚ್ 7, ಗುರುವಾರ

ಗ್ಯಾರೇಜಿನ ಬಾಗಿಲು ಹಾಕಿಕೊಂಡು ತಾಲೀಮು. ಅಡುಗೆಮನೆಯ ಸ್ಟೂಲು ಬೈಕಿನ ಪಕ್ಕ. ಮೊದಲ ಸಲ ಕಾಲು ಹಿಂದಿನ ಲಗೇಜು ಪೆಟ್ಟಿಗೆಗೆ ಸಿಕ್ಕಿಕೊಂಡಿತು. ಎರಡನೇ ಸಲ ಸ್ಟೂಲು ಜಾರಿತು, ನನ್ನ ಭುಜ ಹಿಡಿದುಕೊಂಡ, ಇಬ್ಬರೂ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮೂರನೇ ಸಲ ಕೂತ. ಕೂತೇಬಿಟ್ಟ! ನಾನು ಬಾಗಿಲು ತೆಗೆದು, ಮುಂದೆ ಹತ್ತಿ, ಅವನು ಬೇಡ ಬೇಡ ಎನ್ನುತ್ತಿರುವಾಗಲೇ ರಸ್ತೆಗೆ ಬಿಟ್ಟೆ. ಬೀದಿಯ ಕೊನೆಯವರೆಗೂ ಬೈದ. ಆಮೇಲೆ "ಗೇರ್ ಬದಲಾಯ್ಸೋದು ಚೆನ್ನಾಗಿ ಕಲ್ತಿದೀಯ" ಎಂದ. ಕಲಿಸಿದ್ದು ಯಾರು ಎಂದು ಅವನಿಗೂ ಗೊತ್ತು.

ಬರುತ್ತೀಯಾ ಎಂದು ಕೇಳಲಿಲ್ಲ. ಕೇಳಿದರೆ ಬರುವುದಿಲ್ಲ ಎಂದಾನು.

ಮಾರ್ಚ್ 9, ಶನಿವಾರ. ಮಧ್ಯಾಹ್ನ. ಆಂಗ್ಲರ್ಸ್ ರೆಸ್ಟ್, ಪಬ್‌ನ ವರಾಂಡ

ಬೇಗ ಬೇಗ ಬರೆಯುತ್ತೇನೆ. ಎಲ್ಲರ ಊಟ ಮುಗಿಯುತ್ತಾ ಬಂದಿದೆ.

ಬಂದ. ಬೆಳಿಗ್ಗೆ ಎದ್ದು ನೋಡಿದರೆ ಕೆಲ್ ಜಾಕೆಟ್ ಹಾಕಿಕೊಂಡು ಸ್ಟೂಲನ್ನು ಹಿಂದಿನ ಪೆಟ್ಟಿಗೆಯ ಮೇಲೆ ಹಗ್ಗದಲ್ಲಿ ಬಿಗಿಯುತ್ತಿದ್ದ. ಪಾರ್ಕಿಂಗಿನಲ್ಲಿ ಇಳಿಸಿ, ಎಲ್ಲರ ನಡುವೆ ಇಟ್ಟು, "ನಗೋರು ಈಗ್ಲೇ ನಕ್ಬಿಡಿ" ಎಂದ. ಮೊದಲು ಡ್ಯಾರಿಲ್ ನಕ್ಕ — ಆ ಹುಚ್ಚನ ಬಾಯಿಗೆ ಸಕ್ಕರೆ ಹಾಕಬೇಕು! ಆಮೇಲೆ ಎಲ್ಲರೂ, ಕೆಲ್ ಎಲ್ಲರಿಗಿಂತ ಜೋರಾಗಿ. ಹತ್ತಿದ. ಶಿಳ್ಳೆ ಹೊಡೆದರು.

ಒಂದೂ ತಿರುವು ತಪ್ಪಲಿಲ್ಲ ನಾನು! ಡಬ್ಬಿ ಹೇಳಿತು, ನಾನು ಕೇಳಿದೆ, ಕನ್ನಡಿ ನೋಡಿದೆ. ಕ್ಲೆಮ್ ನಿಂತ, ಕೈ ಎತ್ತಿದ, ಆಮೇಲೇ ನಾನು ವೇಗ ಹೆಚ್ಚಿಸಿದೆ. ಕನ್ನಡಿಯಲ್ಲಿ ದೀಪಗಳು ಒಂದರ ಹಿಂದೊಂದು. ಎಷ್ಟು ಚಂದ ಕಾಣುತ್ತವೆ ಮುಂದಿನಿಂದ! ಇಷ್ಟು ವರ್ಷ ಇದನ್ನೆಲ್ಲ ಕೆಲ್ ಒಬ್ಬನೇ ನೋಡಿದ್ದಾನೆ.

ಆದರೆ ಫಾಲ್ಸ್ ಕ್ರೀಕ್ ಊರು ದಾಟಿ ಬೊಗಾಂಗ್ ಬೆಟ್ಟದ ನೆತ್ತಿಗೆ ಬಂದ ಮೇಲೆ ಅವನ ಮಾತೇ ನಿಂತುಹೋಯಿತು. ಹೆಲ್ಮೆಟ್ಟಿನ ಮೈಕಿನಲ್ಲಿ ಉಸಿರು ಮಾತ್ರ. ಬೈಗುಳವಿಲ್ಲ, ಬ್ರೇಕ್ ಹಿಡಿ ಎಂದಿಲ್ಲ. ಹೆದರಿದೆ. ಸೊಂಟ ನೋಯುತ್ತಿದೆಯೋ, ಬಂದಿದ್ದಕ್ಕೆ ಬೇಸರವೋ, ಹಿಂದೆ ಕೂತದ್ದು ಕಡೆಗೂ ಚುಚ್ಚಿತೋ.

"ಕೆಲ್? ನಿಲ್ಲಿಸ್ಲಾ?"

"ಬೇಡ."

"ನೋವಾ?"

"ಸುಮ್ನಿರೇ. ನೋಡ್ತಾ ಇದೀನಿ."

ಎರಡು ತಿರುವು ಕಳೆದ ಮೇಲೆ ಅವನೇ ಹೇಳಿದ.

"ಈ ರಸ್ತೇಲಿ ಎಷ್ಟು ಸಲ ಬಂದಿದೀನಿ ಲೊರಿ... ಟಾರು, ಜಲ್ಲಿ, ಕನ್ನಡಿ, ಇಷ್ಟೇ ನೋಡಿದ್ದು. ಆ ಕಡೆ ಬೆಟ್ಟದ ಹಿಂದೆ ಬೆಟ್ಟ ಅಷ್ಟು ದೂರ ಹೋಗುತ್ತೆ ಅಂತ... ಯಾಕೇ ಯಾರೂ ಹೇಳ್ಲೇ ಇಲ್ಲ ನಂಗೆ?"

ವೇಗ ಸ್ವಲ್ಪ ಇಳಿಸಿದೆ. ಹಿಂದಿನ ದೀಪಗಳೂ ನಿಧಾನವಾದವು, ಯಾಕೆಂದು ಯಾರೂ ಕೇಳಲಿಲ್ಲ. ಕನ್ನಡಿಯ ಮೂಲೆಯಲ್ಲಿ ಅವನ ಹೆಲ್ಮೆಟ್ಟಿನ ಅರ್ಧ ಮಾತ್ರ ಕಾಣುತ್ತಿತ್ತು, ಕಣಿವೆಯ ಕಡೆಗೆ ತಿರುಗಿ.

ಈಗ ಎಂಜಿನ್‌ಗಳು ಶುರುವಾದವು. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದಾರೆ. ನಾನು ಹೊರಡದೆ ಯಾರೂ ಹೊರಡುವ ಹಾಗಿಲ್ಲವಲ್ಲ! ಕೆಲ್ ಆಗಲೇ ಸ್ಟೂಲಿನ ಮೇಲೆ ನಿಂತು ಕೂಗುತ್ತಿದ್ದಾನೆ, ಲೀಡರ್ ಎಲ್ಲಿ, ಲೀಡರ್ ಬರ್ಲಿ ಅಂತ, ಅವನ ಬಾಯಲ್ಲೇ, ಇಡೀ ಪಬ್‌ಗೆ ಕೇಳುವ ಹಾಗೆ —